ನೂರ ಐದು ಪೌಂಡು

ಮೂಲೆಯ ನಲ್ಲಿಯಿಂದ ಹನಿ ಬೀಳುತ್ತಿದೆ, ಒಂದು, ಇನ್ನೊಂದು, ಮತ್ತೊಂದು, ಯಾರಾದರೂ ಎದ್ದು ಹೋಗಿ ಅದನ್ನು ಬಿಗಿಯಾಗಿ ತಿರುಗಿಸಬಾರದೇ, ಬೆಂಚಿನ ಮೇಲೆ ಹದಿನಾಲ್ಕು ಜನ ಬರೀ ಚಡ್ಡಿಯಲ್ಲಿ ಕೂತಿದ್ದಾರೆ, ಒಬ್ಬನಿಗೂ ಆ ಸದ್ದು ಕೇಳಿಸುತ್ತಿಲ್ಲ, ಚೆನ್ನಯನಿಗೊಬ್ಬನಿಗೇ ಕೇಳಿಸುತ್ತಿದೆ, ಅದೂ ಕಿಬ್ಬೊಟ್ಟೆಯಲ್ಲಿ — ಹೊಟ್ಟೆಯೊಳಗೆ ಎರಡು ತಂಬಿಗೆ ನೀರಿದೆ, ಹನ್ನೊಂದು ಬಾಳೆಹಣ್ಣಿದೆ, ಹನ್ನೆರಡನೆಯದು ಗಂಟಲವರೆಗೆ ಹೋಗಿ ವಾಪಸ್ಸು ಬಂತು, ಹೋಗಲಿ, ಹನ್ನೊಂದಾದರೂ ಒಳಗಿರಲಿ, ತೂಕದ ಯಂತ್ರ ಹತ್ತಿ ಇಳಿಯುವ ತನಕ ಇರಲಿ. ನೂರ ಐದು ಪೌಂಡು. ಅದಕ್ಕಿಂತ ಕಡಿಮೆಯಾದವನನ್ನು ಹೆಲ್ಪರ್ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಚೆಂಬೂರಿನ ಈ ಎಣ್ಣೆ ಕಾರ್ಖಾನೆಯವರು ಕಳಿಸಿದ ಕಾಗದದಲ್ಲಿ ಟೈಪು ಹೊಡೆದಿತ್ತು, ಕೆಳಗೆ ಗೆರೆ ಎಳೆದಿತ್ತು. ನಿನ್ನೆ ಸಂಜೆ ಬೋರಿಬಂದರ್ ಸ್ಟೇಶನ್ನಿನ ತೂಕದ ಯಂತ್ರ ಉಗುಳಿದ ಚೀಟಿಯಲ್ಲಿ ತೊಂಬತ್ತೊಂಬತ್ತು ಎಂದಿತ್ತು, ಹಿಂಬದಿಯಲ್ಲಿ ಯಾವಳೋ ನಟಿಯ ಚಿತ್ರ, ಅದರ ಕೆಳಗೆ ಇಂಗ್ಲಿಷಿನಲ್ಲಿ ಭವಿಷ್ಯ, ನಿಮ್ಮ ಉದಾರ ಸ್ವಭಾವಕ್ಕೆ ಮೆಚ್ಚುಗೆ ಸಿಗುತ್ತದೆ, ಬೊಗಳೆ ಬಿಡುವ ಕಬ್ಬಿಣದ ಡಬ್ಬ, ಆದರೆ ತೂಕದ ಮಟ್ಟಿಗೆ ಅದು ಬೊಗಳೆ ಬಿಡುವುದಿಲ್ಲ, ಮೂರು ತಿಂಗಳಿಂದ ನೋಡಿದ್ದಾನೆ, ನೂರ ಮೂರು, ನೂರ ಒಂದು, ತೊಂಬತ್ತೊಂಬತ್ತು, ತಾಕತ್ತಿನ ಗುಳಿಗೆ ನುಂಗಿದಷ್ಟೂ ಕೆಳಕ್ಕೆ. ತೊಂಬತ್ತೊಂಬತ್ತಕ್ಕೆ ನೀರು ನಾಲ್ಕೂವರೆ, ಹಣ್ಣು ಎರಡೂವರೆ, ಒಟ್ಟು ನೂರ ಆರು, ಒಂದು ಪೌಂಡು ಕೈಯಲ್ಲಿದೆ, ಬೆವರಬಾರದು, ಬೆವರೂ ತೂಕವೇ. ಪಕ್ಕದವನು ಮೊಣಕೈಯಿಂದ ತಿವಿಯುತ್ತಾನೆ, ಬೆಳಗಾವಿ ಕಡೆಯ ಮುರಿಗೆಪ್ಪ, ಬಂದು ಕೂತ ಐದು ನಿಮಿಷದಲ್ಲಿ ಹೆಸರು, ಊರು, ಕುಸ್ತಿಯಲ್ಲಿ ಉದುರಿದ ಹಲ್ಲು ಎಲ್ಲ ಹೇಳಿ ಮುಗಿಸಿದವನು, ಅವನ ಒಂದೊಂದು ತೊಡೆಯೂ ಚೆನ್ನಯನ ಸೊಂಟದಷ್ಟಿದೆ — ಏನ್ ತಮ್ಮಾ, ಹಗ್ಗಾ ಹರಕೊಳ್ಳೋ ಹೋರಿ ಹಂಗ ಕಾಲ್ ಕುಣಸಾಕತ್ತೀಯಲ್ಲ, ಹೋಗಿ ಬಾ ಒಮ್ಮೆ. ಆಮೇಲೆ ಹೋಗ್ತೇನೆ. ಆಮ್ಯಾಲ ಯಾಕಪಾ, ಅದಕ್ಕೂ ಮುಹೂರ್ತ ಬೇಕೇನು? ಆ ಕಡೆ ಕೂತ ಇಬ್ಬರು ನಕ್ಕರು, ಚೆನ್ನಯ ನಗಲಿಲ್ಲ, ನಕ್ಕರೆ ಸೋರುತ್ತದೆ. ನಿನ್ನೆಯೂ ನಕ್ಕಿದ್ದರು, ಫೋರ್ಟಿನ ಹೋಟೆಲಿನಲ್ಲಿ, ಅವನು ಮೇಜು ಒರೆಸುವ ಬಟ್ಟೆಯನ್ನು ಗಲ್ಲಾದ ಮೇಲೆ ಇಟ್ಟು ನಾಳೆಯಿಂದ ಬರುವುದಿಲ್ಲ ಎಂದಾಗ — ಇಡಲಿಲ್ಲ, ಎಸೆದ, ಎಸೆದದ್ದು ಹೌದು — ಕಾರ್ಖಾನೆಗಾ, ನೀನಾ, ಗಾಳಿ ಬಂದ್ರೆ ನಿನ್ನ ಮೇಲೆ ಕಲ್ಲು ಇಡ್ಬೇಕು ಮಾರಾಯ, ಎಂದರು ಧಣಿ, ಅಡುಗೆಯವರು ನಕ್ಕರು, ದೋಸೆ ತಿನ್ನುತ್ತಿದ್ದ ಬ್ಯಾಂಕಿನ ಗುಮಾಸ್ತರು ನಕ್ಕರು, ಇನ್ನು ಅಲ್ಲಿಗೆ ಹೋಗಿ ಆ ಒದ್ದೆ ಬಟ್ಟೆಯನ್ನು ಮತ್ತೆ ಎತ್ತಿಕೊಳ್ಳುವುದೆಂದರೆ, ಇಲ್ಲ, ಏಳು ವರ್ಷ ಎತ್ತಿದ್ದು ಸಾಕು, ಮೊದಲು ಲೋಟ ತೊಳೆದ, ಆಮೇಲೆ ಮೇಜು ಒರೆಸಿದ, ಆಮೇಲೆ ಸಪ್ಲೈಯರ್, ರಾತ್ರಿಶಾಲೆಯಲ್ಲಿ ಕೂತು ಮೆಟ್ರಿಕ್ ಪಾಸು ಮಾಡಿದ್ದು ಮತ್ತೆ ಸಾಂಬಾರಿನ ಬಕೆಟ್ಟು ಹಿಡಿಯುವುದಕ್ಕೇ?

ಕಾಲಿನ ಮೇಲೆ ಕಾಲು ಹಾಕಿದ, ಇಳಿಸಿದ, ಮತ್ತೆ ಹಾಕಿದ. ಬೇರೆ ಏನನ್ನಾದರೂ ಯೋಚಿಸಬೇಕು, ನೀರಿಲ್ಲದ್ದು, ಒಣಗಿದ್ದು, ಲೈಬ್ರರಿಯ ಕಪಾಟು, ಆ ಇಂಗ್ಲಿಷ್ ಮಾಸಪತ್ರಿಕೆ, ಅದರ ಹಿಂಬದಿಯ ರಟ್ಟಿನಲ್ಲಿ ಜಾಹೀರಾತು, ಒಂದು ಕಡೆ ಹಾಲಿನ ಲೋಟ, ಮೊಟ್ಟೆ, ಕಿತ್ತಳೆ, ಸೊಪ್ಪಿನ ಕಟ್ಟು, ಇನ್ನೊಂದು ಕಡೆ ಗುಂಡಿಯಷ್ಟು ಚಿಕ್ಕ ಒಂದು ಗುಳಿಗೆ, ನಡುವೆ ಎರಡು ಅಡ್ಡ ಗೆರೆ, ಸಮಚಿಹ್ನೆ. ಗಣಿತದಲ್ಲಿ ಎಪ್ಪತ್ತೊಂದು ಅಂಕ ಬಂದವನು ಸಮಚಿಹ್ನೆಯನ್ನು ನಂಬದೆ ಇನ್ನೇನನ್ನು ನಂಬಬೇಕಿತ್ತು, ಈ ಕಡೆಯದು ಆ ಕಡೆಯದಕ್ಕೆ ಸಮ ಎಂದ ಮೇಲೆ ಆ ಕಡೆಯದು ಯಾಕೆ, ಅನ್ನ ಯಾಕೆ, ಮಧ್ಯಾಹ್ನ ನಾಲ್ಕು ಗಂಟೆಗೆ ಹೋಟೆಲಿನ ಹುಡುಗರೆಲ್ಲ ಸಾಲಾಗಿ ಕೂತು ತಿನ್ನುವ ಆ ಬಿಳಿ ಅನ್ನ, ಗಿರಾಕಿಗಳು ಉಳಿಸಿದ ಸಾರು, ಅದಕ್ಕೆ ಮುಕ್ಕಾಲು ಗಂಟೆ ಕಳೆಯುವ ಬದಲು ಗುಳಿಗೆ ನುಂಗಿ ಲೈಬ್ರರಿಗೆ ಓಡಿದರೆ ಒಂದು ಅಧ್ಯಾಯ ಮುಗಿಯುತ್ತದೆ. ಮೂರು ತಿಂಗಳು ಹಾಗೇ ಓಡಿದ. ಔಷಧದ ಅಂಗಡಿಯ ನೀಲಕಂಠಪ್ಪ ದಿನಾ ಅವನದೇ ಮೇಜಿಗೆ ಕಾಫಿಗೆ ಬರುತ್ತಿದ್ದ, ಧಾರವಾಡದವನು, ಗುಳಿಗೆ ಕೊಟ್ಟದ್ದೂ ಅವನೇ, ಎರಡು ಸೇರು ಹಾಲಿನ ಸತ್ವ ಒಂದ ಗುಳಿಗಿಯೊಳಗ ಕುಂತೈತಿ ತಮ್ಮಾ, ಅಮೇರಿಕಾದಾಗ ಮಂದಿ ಊಟಾನ ಬಿಡಾಕತ್ತಾರ. ನೀವೂ ತಗೊಳ್ತೀರಾ? ನಮಗ್ಯಾಕೋ, ನಮ್ಮನಿಯಾಗ ರೊಟ್ಟಿ ಅದಾವಲ್ಲ, ಎಂದು ಅವನು ತುಪ್ಪ ಸುರಿದ ಇಡ್ಲಿಯ ಕಡೆಗೆ ಬಗ್ಗಿದ, ಆಗ ಅದು ತಮಾಷೆ ಅನ್ನಿಸಿತ್ತು. ಮೂರನೆಯ ದಿನ ಬೆಳಿಗ್ಗೆ ಹೋಟೆಲಿನ ಹಿಂದಿನ ಗಲ್ಲಿಯ ಮೋರಿಯಲ್ಲಿ ಮೊದಲ ಸಲ ಆ ಹಳದಿ ಕಂಡಿತು, ಅಂಥ ಹಳದಿ ಮನುಷ್ಯನ ಮೈಯಿಂದ ಬಂದದ್ದನ್ನು ಅವನು ನೋಡಿರಲಿಲ್ಲ, ಶೀರಾಕ್ಕೆ ಹಾಕುವ ಬಣ್ಣ ಕದಡಿದ ಹಾಗೆ, ಕಾಮಾಲೆ ಎಂದುಕೊಂಡ, ಅಂಗಡಿಗೆ ಓಡಿದ. ನೀಲಕಂಠಪ್ಪ ಬೆನ್ನು ತಟ್ಟಿದ, ಹುಚ್ಚ, ಅದು ಮೈಗೆ ಹತ್ತೇತಿ ಅಂತ ಗುರ್ತು. ಆಮೇಲೆ ಹಳದಿಯ ಭಯ ಹೋಯಿತು, ಖುಷಿ ಬಂತು, ದಿನಾ ಬೆಳಿಗ್ಗೆ ಮೋರಿಯ ಮುಂದೆ ನಿಂತು ಅದನ್ನು ನೋಡುತ್ತಿದ್ದ, ಹತ್ತುತ್ತಿದೆ, ಹತ್ತುತ್ತಿದೆ. ಮೈಗೆ ಹತ್ತಿದ್ದು ಮೈಯಲ್ಲಿ ಇರಬೇಕಲ್ಲ, ಮೋರಿಯಲ್ಲಿ ಯಾಕಿದೆ, ಎಪ್ಪತ್ತೊಂದು ಅಂಕದವನಿಗೆ ಈ ಲೆಕ್ಕ ಹೊಳೆಯಲಿಲ್ಲ, ಈಗ ಬೆಂಚಿನ ಮೇಲೆ ತೊಡೆ ಬಿಗಿಹಿಡಿದು ಕೂತಾಗ ಹೊಳೆಯುತ್ತಿದೆ, ಈಗ ಹೊಳೆದು ಏನು ಮಾಡಬೇಕು. ಸಯನ್ನಿನ ಚಾಳಿನಲ್ಲಿ ಚಿಕ್ಕಮ್ಮ ಸೇವಂತಿಗೆ ಹೊಳೆದಿತ್ತು, ಅವಳು ಶಾಲೆಯ ಬಾಗಿಲನ್ನೂ ನೋಡಿದವಳಲ್ಲ, ಆದಿತ್ಯವಾರ ಬಂಗುಡೆ ಸಾರು ಮಾಡಿ ಕಾಯುತ್ತಿದ್ದಳು, ಇವನು ಪರೀಕ್ಷೆ ಎಂದ, ಓದು ಎಂದ, ಕೊನೆಗೊಮ್ಮೆ ಹೋದಾಗ ಬಾಟಲಿ ತೆಗೆದು ತೋರಿಸಿ ಭಾಷಣ ಬಿಗಿದ, ಬಿ ಒಂದು, ಬಿ ಎರಡು, ಬಿ ಆರು. ಅವಳು ಒಂದು ಗುಳಿಗೆ ಮೂಸಿ ನೋಡಿದಳು, ಇದರಲ್ಲಿ ಮುಳ್ಳಿಲ್ಲ ಅಲ್ವಾ ಮಗಾ? ಇಲ್ಲ. ಮುಳ್ಳಿಲ್ಲದ್ದರಲ್ಲಿ ಮಾಂಸವೂ ಇರುವುದಿಲ್ಲ, ಕೂತು ಉಣ್ಣು. ಅವನು ಕೂರಲಿಲ್ಲ, ಐದೂ ಹತ್ತರ ಲೋಕಲ್ ಇತ್ತು.

ಚಲೋ ಚಲೋ, ಪೆಹಲೇ ಬಾಟ್ಲಿ, ಎಂದು ಕಾಂಪೌಂಡರ್ ಕಬ್ಬಿಣದ ತಟ್ಟೆಯಲ್ಲಿ ಸೀಸೆಗಳನ್ನು ಖಣಖಣ ಅನ್ನಿಸುತ್ತ ಬಂದ. ಪೆಹಲೇ? ಮೊದಲು ತೂಕ, ಆಮೇಲೆ ಎತ್ತರ, ಆಮೇಲೆ ಕಣ್ಣು, ಕೊನೆಗೆ ಮೂತ್ರ, ಕಾಗದದಲ್ಲಿ ಹಾಗೇ ಕ್ರಮವಾಗಿ ಬರೆದಿತ್ತು, ಅವನು ಆ ಕ್ರಮದ ಮೇಲೆಯೇ ನೀರು ಕುಡಿದಿದ್ದ, ಸಾಬ್, ವಜನ್ ಪೆಹಲೇ ಲಿಖಾ ಹೈ, ಎಂದ, ಕಾಂಪೌಂಡರ್ ಅವನನ್ನು ಮೇಲಿಂದ ಕೆಳಗೆ ನೋಡಿ, ತೂ ಲಿಖಾ ಕ್ಯಾ ಕಾಗದ್, ಕಾಗದ ಬರೆದವನು ನೀನಾ, ಎಂದು ಸೀಸೆಯನ್ನು ಕೈಗೆ ತುರುಕಿದ. ಗೆರೆಯ ತನಕ ಸಾಕಂತೆ, ಎರಡು ಬೆರಳು. ಪರದೆಯ ಹಿಂದೆ ನಿಂತ. ಬಿಡುವುದು ಕಷ್ಟವಲ್ಲ, ಎರಡು ಬೆರಳಿನಷ್ಟು ಬಿಟ್ಟು ಹಿಡಿಯುವುದು — ಹಲ್ಲು ಕಚ್ಚಿದ, ಹೆಬ್ಬೆರಳ ಮೇಲೆ ನಿಂತ, ಕಣ್ಣಲ್ಲಿ ನೀರು ಬಂತು, ಬೆನ್ನುಹುರಿಯವರೆಗೆ ಉರಿ ಹತ್ತಿತು, ಹಿಡಿದ, ಹಿಡಿದೇಬಿಟ್ಟ, ಕೈಯಲ್ಲಿ ಸೀಸೆ ಬೆಚ್ಚಗಿತ್ತು, ಒಳಗೆ ಅದೇ ಹಳದಿ. ಇಷ್ಟು ನೀರು ಕುಡಿದರೂ ತೆಳುವಾಗಿಲ್ಲ, ಬೆಳಿಗ್ಗೆ ಧೈರ್ಯಕ್ಕೆ ಎರಡು ಗುಳಿಗೆ ಹೆಚ್ಚು ನುಂಗಿದ್ದ. ಹೊರಗೆ ಮೇಜಿನ ಮೇಲೆ ಸೀಸೆಗಳ ಸಾಲು, ಒಂದೊಂದೂ ತೆಳು ಚಹಾದ ಹಾಗೆ, ಗೋಧಿ ಹುಲ್ಲಿನ ಹಾಗೆ, ನಡುವೆ ಅವನದೊಂದು ದೀಪ ಹಚ್ಚಿದ ಹಾಗೆ. ಮುರಿಗೆಪ್ಪ ಬಾಯಿ ತೆರೆದ, ಅಯ್ಯಯ್ಯಯ್ಯ, ಅರಿಷಿಣದ ಭಂಡಾರ ಕಲಿಸಿ ಕುಡದೀಯೇನೋ? ಗುಳಿಗೆಯದ್ದು, ಎಂದ ಚೆನ್ನಯ, ತಾಕತ್ತಿನ ಗುಳಿಗೆ. ಮುರಿಗೆಪ್ಪ ಸೀಸೆ ನೋಡಿದ, ಅವನ ಪಕ್ಕೆಲುಬು ನೋಡಿದ, ಮತ್ತೆ ಸೀಸೆ ನೋಡಿದ, ತಾಕತ್ತು ಎಲ್ಲಾ ಇದರಾಗ ಐತೆಲ್ಲೋ, ಎಂದ, ಈ ಸಲ ಅವನೂ ನಗಲಿಲ್ಲ.

ಚೆನ್ನಯಾ ಪೂಜಾರಿ. ಕರೆದರು, ಬಂತು, ಎದ್ದ, ನೆಟ್ಟಗೆ ನಿಂತರೆ ಭಾರವೆಲ್ಲ ಕೆಳಗೆ ಜಗ್ಗುತ್ತದೆ, ಬಗ್ಗಿ ನಡೆದರೆ ಅನುಮಾನ ಬರುತ್ತದೆ, ನಡುವೆ ಹೇಗೋ ನಡೆದ, ಎಂಟು ಹೆಜ್ಜೆ, ಯಂತ್ರದ ತಟ್ಟೆ ತಣ್ಣಗಿತ್ತು, ಅಂಗಾಲಿಗೆ ತಣ್ಣಗೆ ತಾಗಿದರೆ ಇನ್ನೂ ಜೋರಾಗುತ್ತದೆ, ಉಸಿರು ಹಿಡಿ, ಉಸಿರಿಗೂ ತೂಕ ಇರಬಹುದು, ಡಾಕ್ಟರು ಮುದುಕ, ಕೋಲಿನ ಮೇಲೆ ಗುಂಡನ್ನು ಬೆರಳ ತುದಿಯಲ್ಲಿ ಸರಿಸುತ್ತಾನೆ, ನೂರು, ಕೋಲು ಇಳಿಯುವುದಿಲ್ಲ, ನೂರ ಮೂರು, ಇಲ್ಲ, ನೂರ ಐದು, ಕೋಲು ತೂಗಾಡಿತು, ಕೆಳಕ್ಕೆ ಬಂತು, ಇನ್ನೂ ಒಂದು ಕೂದಲೆಳೆ ಸರಿಸಿದ, ನೂರ ಐದೂಕಾಲು, ನಿಂತಿತು. ನಿಂತಿತು! ಧಣಿ ಕಲ್ಲಿಡಲಿ ಈಗ, ಗುಮಾಸ್ತರು ನಗಲಿ, ಸೇವಂತಿ ಚಿಕ್ಕಮ್ಮನಿಗೆ ಮೊದಲ ಸಂಬಳದಲ್ಲಿ ಸೀರೆ, ಈಗ ಇಳಿಯಬೇಕು, ಬಾಗಿಲಿನ ಹೊರಗೆ ಎಡಕ್ಕೆ ಸಂಡಾಸು ಇದೆ, ಬರುವಾಗಲೇ ನೋಡಿಟ್ಟಿದ್ದ, ಇಪ್ಪತ್ತು ಹೆಜ್ಜೆ — ಠೆಹರ್, ನಿಲ್ಲು, ಎಂದ ಡಾಕ್ಟರು. ಎರಡು ಬೆರಳನ್ನು ಹೊಕ್ಕುಳ ಕೆಳಗೆ ಇಟ್ಟು ಒತ್ತಿದ. ಚೆನ್ನಯನ ಬಾಯಿಂದ ನಾಯಿಮರಿಯಂಥ ಸದ್ದು ಬಂತು. ಕಿತನಾ ಪಿಯಾ, ದೋ ಲೋಟಾ, ತೀನ್? ಪ್ಯಾಸ್ ಲಗಾ ಥಾ ಸಾಬ್. ಹರ್ ಭರತಿ ಮೇ ಏಕ್ ಪ್ಯಾಸಾ ಆತಾ ಹೈ, ಜನ ತೆಗೆದುಕೊಳ್ಳುವಾಗಲೆಲ್ಲ ಬಾಯಾರಿದವನೊಬ್ಬ ಬರುತ್ತಾನೆ, ಎಂದು ಮುದುಕ ಕಾಂಪೌಂಡರ್ ಕಡೆಗೆ ತಿರುಗಿದ, ಸಿಟ್ಟಿನಲ್ಲಿ ಹೇಳಿದ್ದರೆ ಬೇಡಿಕೊಳ್ಳಬಹುದಿತ್ತು, ಅವನು ಸುಸ್ತಾದವನ ಹಾಗೆ ಹೇಳಿದ. ಆಮೇಲೆ ಸಾಲಿನಿಂದ ಆ ಸೀಸೆಯನ್ನೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ. ವಿಟಮಿನ್ ಖಾತಾ ಹೈ? ಹಾಂ ಸಾಬ್. ಕಿತನೇ ದಿನ್ ಸೇ? ತೀನ್ ಮಹೀನಾ. ಔರ್ ಖಾನಾ? ಚೆನ್ನಯ ತೊಡೆಗೆ ತೊಡೆ ಒತ್ತಿದ. ಬಾಡೀ ಕೋ ಜಿತನಾ ಮಾಂಗ್ತಾ ಉತನಾ ರಖತಾ, ಬಾಕೀ ಸಬ್ ಬಾಹರ್, ತೇರೇ ವಿಟಮಿನ್ ಸೇ ಬಂಬಯೀ ಕಾ ಗಟರ್ ಪೈಲ್ವಾನ್ ಹೋ ಗಯಾ, ಎಂದ ಡಾಕ್ಟರು, ಮೈ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಹೊರಗೆ ಹಾಕುತ್ತದಂತೆ, ಮುಂಬಯಿಯ ಗಟಾರ ಪೈಲ್ವಾನ ಆಯಿತಂತೆ, ಬೆಂಚಿನವರೆಲ್ಲ ಹೋ ಎಂದರು. ಜಾ, ಪೂರಾ ಖಾಲೀ ಕರ್ಕೇ ಆ, ಫಿರ್ ಸೇ ತೋಲೇಂಗೇ, ಪೂರ್ತಿ ಖಾಲಿ ಮಾಡಿ ಬಂದ ಮೇಲೆ ಮತ್ತೆ ತೂಗುತ್ತಾರಂತೆ. ತೂಕ ಬರೆದುಕೊಳ್ಳಲಿಲ್ಲ. ನೂರ ಐದೂಕಾಲು ಅಲ್ಲೇ ಕೋಲಿನ ಮೇಲಿತ್ತು, ಇವನು ಇಳಿದೊಡನೆ ಕೋಲು ಠಣ್ಣೆಂದು ಕೆಳಗೆ ಬಿತ್ತು.

ಕಾಂಪೌಂಡರ್ ಹಿಂದೆಯೇ ಬಂದ, ಸಂಡಾಸಿನ ಬಾಗಿಲು ಮುಚ್ಚಲು ಬಿಡಲಿಲ್ಲ, ಬೀಡಿ ಹಚ್ಚಿ ನಿಂತ. ಹೊಸ ಕಾರ್ಖಾನೆ, ಹೊಸ ಬಿಳಿ ಹಂಚು, ಒಂದು ಕಲೆಯಿಲ್ಲ, ಅರ್ಧ ಬಿಟ್ಟು ಅರ್ಧ ಹಿಡಿಯಬಹುದು, ಆಗ ಹಿಡಿದಿರಲಿಲ್ಲವೇ, ಕಾಂಪೌಂಡರ್‌ಗೆ ಸದ್ದು ಕೇಳಿಸಿದರೆ ಸಾಕು, ಮೂರು ಪೌಂಡಾದರೂ ಉಳಿಸಿಕೊಂಡರೆ ನೂರ ಎರಡು, ನೂರ ಎರಡಾದರೆ ಏನಾಯಿತು, ಏನೂ ಆಗಲಿಲ್ಲ, ಆದರೂ ಹಿಡಿಯಬೇಕು, ಬಾಳೆಹಣ್ಣು ಎಲ್ಲಿಗೂ ಹೋಗುವುದಿಲ್ಲ, ಅದು ಇದೆ, ಬಿಟ್ಟ, ಎಷ್ಟು ಸುಖ, ಇಂಥ ಹೊತ್ತಿನಲ್ಲಿ ಇಷ್ಟು ಸುಖ ಆಗಬಾರದು, ಈಗ ಹಿಡಿ, ಈಗ, ಇಲ್ಲಿಗೆ ಅರ್ಧ, ಹಿಡಿ — ಮೈ ಕೇಳುವುದಿಲ್ಲ, ಹೋಟೆಲಿನಲ್ಲಿ ಏಳು ವರ್ಷ ಕರೆದಾಗಲೆಲ್ಲ ಓಡಿ ಬಂದ ಮೈ ಈಗ ಕೇಳುವುದಿಲ್ಲ, ಓಹೋ, ಅಭೀ ತಕ್, ಇನ್ನೂ ಮುಗಿದಿಲ್ಲವಾ? ಎನ್ನುತ್ತಾನೆ ಕಾಂಪೌಂಡರ್, ನೂರ ನಾಲ್ಕು, ನೂರ ಮೂರು, ಬಿಳಿ ಹಂಚಿನ ಮೇಲೆ ಅದು ಇಳಿಯುತ್ತಲೇ ಇದೆ, ಹಾಲು, ಮೊಟ್ಟೆ, ಕಿತ್ತಳೆ, ಸೊಪ್ಪು, ನೂರ ಎರಡು, ಚೆನ್ನಯ ನೋಡುತ್ತಾನೆ, ಬೇರೆ ಕಡೆ ನೋಡಲು ಆಗುವುದಿಲ್ಲ, ಜಾಲರಿಯ ಸುತ್ತ ಒಂದು ಸುತ್ತು ಸುತ್ತಿ ಒಳಗೆ ಹೋಗುವ ಹಳದಿ, ಹಿಂದೆಯೇ ಇನ್ನೊಂದು ಸುತ್ತು, ಹಳದಿ, ಬಿಳಿ ಹಂಚು, ಹಳದಿ.