ಕೆಂಪು ಚುಕ್ಕೆ ಇಲ್ಲದ ನಕ್ಷೆ

ಕಾಗದ ಹಿಗ್ಗುತ್ತದೆ, ಕುಗ್ಗುತ್ತದೆ. ಇಷ್ಟು ಸಣ್ಣ ವಿಷಯವನ್ನು ಲೀಲಾಧರನಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಕುಂದಾಪುರದಲ್ಲಿ ಒಂದು ಮಹಡಿಯ ಮೇಲೆ ನಮ್ಮ ಕಚೇರಿ. ಅವನು ಮೇಲ್ವಿಚಾರಕ, ನಾನು ಸ್ಕ್ಯಾನ್ ಮಾಡಿದ ಹಳೆಯ ಗ್ರಾಮ ನಕ್ಷೆಗಳ ಮೇಲೆ ಮೌಸ್ ಓಡಿಸಿ ಗಡಿಗೆರೆಗಳನ್ನು ಕಂಪ್ಯೂಟರಿಗೆ ಇಳಿಸುವವಳು. 2006ರ ಮಾತು.

ಗುಲ್ವಾಡಿ ಕಡೆಯ ಹೊಳೆಯಲ್ಲಿ ಒಂದು ಪುಟ್ಟ ಕುದ್ರು. ಸುತ್ತ ನೀರು, ನಡುವೆ ನಾಲ್ಕು ತೆಂಗಿನ ಮರ, ಒಂದೇ ಮನೆ. ಆ ಮನೆ ನನ್ನ ಚಿಕ್ಕಿ, ಅಮ್ಮನ ತಂಗಿ ಬಾಗಿಯದು. ಚಿಮಣಿ ದೀಪದಲ್ಲಿ ಬಲೆ ಹೆಣೆದು ಹೆಣೆದು ಅವಳ ಕಣ್ಣು ಮಂಜಾಗುತ್ತಿತ್ತು. ಹೊಳೆ ದಾಟಿಸಿ ಕರೆಂಟು ಕೊಡುವ ಕೆಲಸ ಆ ವರ್ಷ ಮಂಜೂರಾಗಿತ್ತು. ಕಂಬ ಎಲ್ಲೆಲ್ಲಿ ಎಂಬುದು ನಮ್ಮ ಹೊಸ ನಕ್ಷೆ ನೋಡಿಯೇ ತೀರ್ಮಾನ.

ಆದರೆ ಎರಡು ದಡಕ್ಕೆ ಎರಡು ಗ್ರಾಮ, ಎರಡು ಹಾಳೆ. ಕುದ್ರಿನ ಅರ್ಧ ಈ ಹಾಳೆಯ ಅಂಚಿನಲ್ಲಿ, ಅರ್ಧ ಆ ಹಾಳೆಯ ಅಂಚಿನಲ್ಲಿ. ಹಾಳೆಗಳು ಹಳತಾಗಿ ಕುಗ್ಗಿದ್ದರಿಂದ ಜೋಡಿಸಿದಾಗ ಅರ್ಧಕ್ಕೆ ಅರ್ಧ ಕೂಡಲಿಲ್ಲ. ಕೂಡದ ಕಡೆಯೆಲ್ಲ ಕಂಪ್ಯೂಟರು ಕೆಂಪು ಚುಕ್ಕೆ ಇಡುತ್ತದೆ. ಒಂದು ಚುಕ್ಕೆ ಉಳಿದರೂ ಮೇಲಿನವರು ಕೆಲಸ ಒಪ್ಪುವುದಿಲ್ಲ.

ಅಂಚುಗಳನ್ನು ಎಳೆದು ಸೇರಿಸಿಬಿಡು ಎಂದ ಲೀಲಾಧರ. ಸೇರಿಸಿದರೆ ಕುದ್ರು ಮುಚ್ಚಿಹೋಗಿ ಬರೀ ನೀಲಿ ಹೊಳೆ ಉಳಿಯುತ್ತದೆ ಎಂದೆ. ಹೋಗಿ ಅಳೆದು ಬರುತ್ತೇನೆ ಎಂದು ಬೇಡಿದೆ. ಹಾಳೆಯಲ್ಲಿದ್ದದ್ದನ್ನು ಇಳಿಸುವುದಷ್ಟೇ ನಮ್ಮ ಕೆಲಸವಂತೆ, ಊರು ಅಳೆಯುವುದಲ್ಲವಂತೆ. ಮೂಗಿಗಿಂತ ಮೂಗುತಿ ಭಾರ.

"ಅಲ್ಲ್ ಇಪ್ಪುದ್ ಜನ, ಮೀನಲ್ಲ ಮಾರ್ರೆ" ಎಂದೆ.

ಅವನು ನಕ್ಕ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಅವನೇ ಅಂಚು ಸೇರಿಸಿ ಸಿ.ಡಿ. ಕಳಿಸಿಬಿಟ್ಟಿದ್ದ. ಪರದೆಯ ಮೇಲೆ ಒಂದೂ ಕೆಂಪಿರಲಿಲ್ಲ. ಆಮೇಲೆ ಯಾರ ಯಾರ ಬಾಗಿಲು ಬಡಿದೆನೋ, ಒಪ್ಪಿಕೊಂಡ ನಕ್ಷೆಯನ್ನು ಇನ್ನು ತಿದ್ದುವಂತಿಲ್ಲ ಎಂಬ ಒಂದೇ ಉತ್ತರ.

ಕಂಬದ ಜಾಗ ಗುರುತಿಸಲು ಎಂಜಿನಿಯರ್ ಉಮಾನಾಥರು ಬರುವ ದಿನ ರಜೆ ಹಾಕಿ ಹೊಳೆಬದಿಗೆ ಓಡಿದೆ. ಅವರ ಕೈಯಲ್ಲಿ ನಮ್ಮದೇ ನಕ್ಷೆ. ಬೆರಳು ಚಾಚಿ ಕುದ್ರು ತೋರಿಸಿದೆ. ಪುಣ್ಯಾತ್ಮರು, ಕಾಣುವುದಿಲ್ಲ ಎನ್ನಲಿಲ್ಲ. ಮನೆ ಕಂಡಿತು, ಅಂಗಳದಲ್ಲಿ ನಿಂತ ಚಿಕ್ಕಿಯೂ ಕಂಡಳು. ಆದರೆ ನಕ್ಷೆಯಲ್ಲಿ ನೀರಿರುವಲ್ಲಿ ಕಂಬ ಬರೆದರೆ ತಮ್ಮನ್ನು ಯಾರು ಉಳಿಸುತ್ತಾರೆ ಎಂದು ಮೆತ್ತಗೆ ಕೇಳಿದರು. ನಾನು ಅವರ ನಕ್ಷೆ ಕಸಿದು ಪೆನ್ನಿನಿಂದ ಕುದ್ರು ಬರೆದೆ. ಪೆನ್ನಿನ ಗೆರೆ ನಡೆಯುವುದಿಲ್ಲ ಎಂದು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

ಆಚೆಯಿಂದ ಚಿಕ್ಕಿ ಕೂಗಿದಳು: "ಹ್ವಾಯ್, ಕಂಬಕ್ಕೆ ಗುಂಡಿ ತೋಡ್ಸಿ ಆಯ್ತ್. ದೋಣಿ ಕಳ್ಸ್ಕಾ?"

ಉಮಾನಾಥರು ಜೀಪು ಹತ್ತಿದರು. ಉತ್ತರ ಕೊಡುವುದು ನನ್ನ ಪಾಲಿಗೆ ಉಳಿಯಿತು.