ನಾಲ್ಕು ಚೀಲ, ಒಂದು ಕಡ್ಡಿ

ಅಕ್ಕಿಯ ಡ್ರಮ್ಮಿನೊಳಗೆ ಮೊಣಕೈವರೆಗೆ ಕೈ ಇಳಿಸಿ ಸಬೀಹಾ ಮೂರನೆಯ ಚೀಲಕ್ಕಾಗಿ ತಡಕಾಡುತ್ತಿದ್ದಾಗ ಹಿಂದಿನಿಂದ ಗಂಡನ ಸ್ವರ ಕೇಳಿತು.

"ಈಗ ಅಕ್ಕಿ ಯಾಕೆ? ಇವತ್ತು ಇಲ್ಲಿ ಒಲೆ ಹಚ್ಚುವುದುಂಟಾ? ಊಟ ಪಕ್ಕದ ಹನೀಫಾನ ಮನೆಯಿಂದ ಬರ್ತದೆ."

"ಅಕ್ಕಿಗಲ್ಲ," ಎಂದಳು ಸಬೀಹಾ. "ಸೌಟು ಬಿದ್ದಿದೆ."

ಅಕ್ಕಿಯ ಡ್ರಮ್ಮಿಗೆ ಸೌಟು ಹೇಗೆ ಬಿತ್ತು ಎಂದು ಕೇಳುವ ಸ್ಥಿತಿಯಲ್ಲಿ ಅಶ್ರಫ್ ಇರಲಿಲ್ಲ. ಅತ್ತು ಅತ್ತು ಅವನ ಕಣ್ಣು ಊದಿತ್ತು.

"ಅಸರ್ ನಮಾಜಿನ ಹೊತ್ತಿಗೆ ಉಮ್ಮನನ್ನು ಎತ್ತುವುದು ಅಂತ ಬಾಪ ಹೇಳಿದ್ದಾರೆ. ಮಸೀದಿಯಲ್ಲಿ ನಾನು ಎದ್ದು ನಿಂತು ಹೇಳಬೇಕಲ್ಲ, ಉಮ್ಮನ ಹತ್ತಿರ ಯಾರದ್ದಾದರೂ ಅಮಾನತ್ತು ಉಳಿದಿದ್ದರೆ ಹೇಳಿ, ಇಲ್ಲದಿದ್ದರೆ ಕ್ಷಮಿಸಿಬಿಡಿ ಅಂತ. ಯಾರಾದರೂ ನಂಬಿ ಕೊಟ್ಟ ವಸ್ತು ಏನಾದರೂ ಉಂಟಾ? ನಿನಗೆ ಗೊತ್ತಿರಬೇಕು."

"ಇಲ್ಲ."

ಅವನು ಹೋದ. ಸಬೀಹಾ ಚೀಲವನ್ನು ಹೊರಗೆಳೆದಳು. ಅದರ ಬಾಯಿಂದ ಅಕ್ಕಿಕಾಳು ಅವಳ ಪಾದದ ಮೇಲೆ ಉದುರಿತು. ಗೋಡೆ ಗಡಿಯಾರದಲ್ಲಿ ಎರಡು ಗಂಟೆ. ಅಸರ್ ಬಾಂಗಿಗೆ ಇನ್ನು ಎರಡು ಗಂಟೆಯೂ ಇಲ್ಲ. ಕೈಯಲ್ಲಿ ಮೂರು ಚೀಲ. ಮೂರೂ ಅಮಾನತ್ತು. ಮೂರರೊಳಗೂ ಮುಗಿಯದ ಕ್ರೋಶಾ ಹೆಣಿಗೆ.

ಅವಳ ಅತ್ತೆ, ಮೆಲ್ಕಾರಿನ ಬೀಫಾತಿಮಾ, ಬೆಳಿಗ್ಗೆ ನಮಾಜಿನ ಚಾಪೆಯ ಮೇಲೆಯೇ ಒರಗಿದ್ದರು. ಈಗ ಅವರನ್ನು ಮೀಯಿಸಿ, ಬಿಳಿ ಬಟ್ಟೆ ಸುತ್ತಿ, ಮುಖ ಮಾತ್ರ ತೆರೆದು ಒಳಕೋಣೆಯಲ್ಲಿ ಮಲಗಿಸಿದ್ದರು. ಕರ್ಪೂರದ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಬಂದ ಹೆಂಗಸರಲ್ಲಿ ಹೆಚ್ಚಿನವರು ಮುಖ ನೋಡಿ ಹೊರಗಿನ ಚಪ್ಪರಕ್ಕೆ ಹೋಗಿದ್ದರು. ಮೂವರು ಮಾತ್ರ ಮಂಚದ ಪಕ್ಕದಲ್ಲಿ ಸಾಲಾಗಿ ಕೂತು ಏಳುವ ಲಕ್ಷಣವೇ ತೋರಿಸಿರಲಿಲ್ಲ. ವಿಟ್ಲದಿಂದ ಬಂದ ನಬೀಸಾ, ಬೀಫಾತಿಮಾರ ನಾದಿನಿ. ಮೂಡುಬಿದಿರೆಯಿಂದ ಬಂದ ಪರಮೇಶ್ವರಿ ಟೀಚರ್, ಹಿಂದೆ ಇಲ್ಲಿಯ ಶಾಲೆಯಲ್ಲಿದ್ದು ನಿವೃತ್ತರಾದವರು. ಬೆಳ್ತಂಗಡಿಯಿಂದ ಬಂದ ಕಾಂತಿ, ರವಿಕೆ ಹೊಲಿಯುವವಳು.

ಎಂಟು ವರ್ಷಗಳಿಂದ ಸಬೀಹಾ ಈ ಮನೆಯಲ್ಲಿ ಮಾಡಿದ ಎಲ್ಲಕ್ಕಿಂತ ಕಷ್ಟದ ಕೆಲಸವೆಂದರೆ ಈ ಮೂವರು ಒಂದೇ ಹೊತ್ತಿಗೆ ಒಂದೇ ಕೋಣೆಯಲ್ಲಿ ಕೂರದ ಹಾಗೆ ನೋಡಿಕೊಂಡದ್ದು.

*

೧೯೯೬ರಲ್ಲಿ ಅವಳು ಮದುವೆಯಾಗಿ ಬಂದ ಹತ್ತನೆಯ ದಿನ ಅತ್ತೆ ಅವಳನ್ನು ಒಳಕೋಣೆಯ ಕಿಟಕಿಯ ಬೆಂಚಿನ ಹತ್ತಿರ ಕರೆದರು. ಆ ಕಿಟಕಿಯಿಂದ ಬಸ್ ನಿಲ್ದಾಣ ನೇರ ಕಾಣುತ್ತಿತ್ತು.

"ನಿನಗೆ ಕೆಮ್ಮಲಿಕ್ಕೆ ಬರ್ತದಾ?"

ಸಬೀಹಾ ಗಾಬರಿಯಾದಳು. "ನನಗೆ ಕೆಮ್ಮಿಲ್ಲ ಉಮ್ಮ. ಮದುವೆಗೆ ಮೊದಲೇ ಡಾಕ್ಟರು ನೋಡಿದ್ದಾರೆ."

"ಕಾಯಿಲೆ ಕೇಳಿದ್ದಲ್ಲ ಮಾರಾಯ್ತಿ. ಮೂಡುಬಿದಿರೆ ಬಂದರೆ ಒಂದು ಕೆಮ್ಮು. ಬೆಳ್ತಂಗಡಿ ಬಂದರೆ ಎರಡು. ವಿಟ್ಲ ಬಂದರೆ ಮೂರು. ನೆನಪಿಟ್ಟುಕೊ."

ಬೀಫಾತಿಮಾರಿಗೆ ಶುರು ಮಾಡುವುದರಲ್ಲಿದ್ದ ಸುಖ ಮುಗಿಸುವುದರಲ್ಲಿ ಇರಲಿಲ್ಲ. ಯಾರಿಗೂ ಇಲ್ಲ ಅನ್ನುವ ನಾಲಗೆಯೂ ಇರಲಿಲ್ಲ. ನೂಲು ತಂದುಕೊಟ್ಟ ಪ್ರತಿಯೊಬ್ಬರಿಗೂ, "ಈಗ ನಿನ್ನದೊಂದೇ ಕೈಯಲ್ಲಿರುವುದು, ಬೇರೆಲ್ಲ ಬೇಡ ಅಂದಿದ್ದೇನೆ" ಎನ್ನುತ್ತಿದ್ದರು. ನಬೀಸಾಳ ಮಗಳ ಮದುವೆಗೆಂದು ಶುರುವಾದ ಮೇಜಿನ ಹೊದಿಕೆ ನಡೆಯುತ್ತಿರುವಾಗಲೇ ಆ ಮಗಳಿಗೆ ಎರಡು ಮಕ್ಕಳಾದವು. ಟೀಚರ ಹದಿನಾಲ್ಕು ಇಂಚಿನ ಟೀವಿಯ ಮೇಲೆ ಹಾಸಬೇಕಾದದ್ದು, ಟೀವಿ ಇಪ್ಪತ್ತೊಂದು ಇಂಚಾದ ಮೇಲೂ ಅಂಚಿಗೆ ಬರಲಿಲ್ಲ. ಕಾಂತಿಯ ಮೊಮ್ಮಗನಿಗೆಂದು ಹೊರಟ ಕುಲಾವಿ ಕಿವಿಯವರೆಗೆ ಬಂದು ನಿಂತಿತ್ತು. ಕುಲಾವಿ ತೊಡಬೇಕಾದವನು ಈಗ ನಾಲ್ಕನೇ ಕ್ಲಾಸು.

ಕ್ರೋಶಾ ಕಡ್ಡಿ ಇದ್ದದ್ದು ಒಂದೇ. ಮಾವ ಹಸೈನಾರ್ ೧೯೮೮ರಲ್ಲಿ ದಮ್ಮಾಮಿನಿಂದ ತಂದದ್ದು, ಸ್ಟೀಲಿನದು. ಬೇರೆ ಕಡ್ಡಿ ಹಿಡಿದರೆ ಬೆರಳು ಮಾತು ಕೇಳುವುದಿಲ್ಲವಂತೆ. ಕೆಮ್ಮು ಕೇಳಿದ ಕೂಡಲೇ ಬೀಫಾತಿಮಾ ಮಾಡುತ್ತಿದ್ದುದರ ಕೊನೆಯ ಕುಣಿಕೆಯಿಂದ ಕಡ್ಡಿ ಎಳೆದು, ಕುಣಿಕೆ ಬಿಚ್ಚಿಹೋಗದಂತೆ ಅದಕ್ಕೊಂದು ಪಿನ್ನು ಚುಚ್ಚುತ್ತಿದ್ದರು. ಬಂದವರ ಚೀಲ ಹೊರಗೆ. ಅದರ ಪಿನ್ನು ತೆಗೆದು ಕಡ್ಡಿ ಒಳಗೆ. ಬಾಗಿಲು ತೆರೆಯುವಷ್ಟರಲ್ಲಿ ಬೆಳಗಿನಿಂದ ತಲೆಯೆತ್ತದವರ ಮುಖ. ಹಳೆಯ ಚೀಲ ಅಡಗಿಸುವುದು ಸಬೀಹಾಳ ಪಾಲು. ಅಕ್ಕಿ ಡ್ರಮ್ಮು, ತೊಟ್ಟಿಲು, ಒಮ್ಮೆ ಖಾಲಿ ಗ್ಯಾಸ್ ಸಿಲಿಂಡರಿನ ಹಿಂದೆ.

"ಒಂದು ದಿನ ಈ ಕ್ರೋಶಾ ಕೊಟ್ಟವರ ಆಕ್ರೋಶ ಬೀದಿಗೆ ಬರ್ತದೆ ನೋಡು," ಎಂದು ಹಸೈನಾರ್ ಜಗಲಿಯಿಂದ ಹೇಳುತ್ತಿದ್ದರು.

"ಬಂದರೆ ನೀವೊಂದು ಕೆಮ್ಮಿ," ಎನ್ನುತ್ತಿದ್ದರು ಬೀಫಾತಿಮಾ.

ಬಂದವರು ಹೋದ ಮೇಲೆ ಅವರ ಸ್ವರ ಮನೆಯಲ್ಲಿ ಉಳಿಯುತ್ತಿತ್ತು. ಅತ್ತೆ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಟೀಚರಾಗುತ್ತಿದ್ದರು: "ಫಾತಿಮಾ, ಸಮಯಪಾಲನೆ ಎಂಬುದೊಂದು ಉಂಟು. ಅದನ್ನು ನಾನು ಮೂವತ್ತು ವರ್ಷ ಬೋಧಿಸಿದ್ದೇನೆ." ಆಮೇಲೆ ಕಂಡಕ್ಟರಾಗಿ ಗೋಡೆಗೆ ಬಡಿಯುತ್ತಿದ್ದರು: "ವಿಟ್ಲದವರು ಇಳೀರಿ, ಬೇಗ ಬೇಗ, ಚೀಲ ಬಿಡ್ಬೇಡಿ, ರೈಟ್!" ಸಬೀಹಾಳಿಗೆ ಮಾತ್ರ ನಗು ಬರುತ್ತಿರಲಿಲ್ಲ. ಬಸ್ಸಿನ ಹಾರ್ನ್ ಕೇಳಿದರೆ ಅವಳ ಗಂಟಲು ಒಣಗುತ್ತಿತ್ತು.

*

೨೦೦೧ರ ಆ ಗುರುವಾರವನ್ನು ಅವಳು ಮರೆತಿರಲಿಲ್ಲ.

ಮೊದಲು ಟೀಚರ್ ಬಂದರು. ಒಂದು ಕೆಮ್ಮು. ಎಲ್ಲ ಸರಿಯಾಗಿ ನಡೆಯಿತು. ಅವರು ಚಹಾ ಕುಡಿಯುತ್ತಿರುವಾಗಲೇ ಗೇಟಿನಲ್ಲಿ ಕಾಂತಿಯ ಹೂವಿನ ಕೊಡೆ ಕಾಣಿಸಿತು. ಸಬೀಹಾ ಎರಡು ಸಲ ಕೆಮ್ಮಿ, ಓಡಿಹೋಗಿ ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. "ಉಮ್ಮ ಒಳಗೆ ಕುರಾನ್ ಓದ್ತಾ ಇದ್ದಾರೆ. ಇಲ್ಲೇ ಕೂತ್ಕೊಳ್ಳುವ." ಕಾಂತಿಗೆ ಚಹಾ ಇಡುವಾಗ ಹಿಂಬಾಗಿಲಲ್ಲಿ ನಬೀಸಾ ಮಾಮಿ! ಯಾವತ್ತೂ ಹಿಂಬಾಗಿಲಿಂದ ಬರದವರು. ಸಬೀಹಾ ಮೂರು ಸಲ ಕೆಮ್ಮಿ ಅವರನ್ನು ಮಲಗುವ ಕೋಣೆಗೆ ತಳ್ಳಿದಳು.

ಮೂರು ಕೋಣೆ, ಮೂರು ಚಹಾ, ಒಂದು ಕಡ್ಡಿ. ಅತ್ತೆ ಬಚ್ಚಲಿಗೆ ಹೋಗುವ ನೆಪದಲ್ಲಿ ಕಡ್ಡಿಯನ್ನು ತಲೆಕೂದಲಿಗೆ ಸಿಕ್ಕಿಸಿಕೊಂಡು ಕೋಣೆಯಿಂದ ಕೋಣೆಗೆ ಹೋದರು. "ಫಾತಿಮಕ್ಕ, ನಿಮಗೆ ಹೊಟ್ಟೆ ಸರಿ ಇಲ್ವಾ?" ಎಂದು ಕಾಂತಿ ಎರಡು ಸಲ ಕೇಳಿದಳು. ಮೂವರೂ ಒಂದು ತಾಸು ಕೂತರು. ಮೂರು ಹೊತ್ತಿಗೆ, ಮೂರು ಬಾಗಿಲಿನಿಂದ ಹೋದರು. ಸಂಜೆಗೆ ಸಬೀಹಾಳಿಗೆ ನಿಜವಾದ ಜ್ವರ ಬಂತು.

ಆ ಓಡಾಟದಲ್ಲಿ ಅವಳು ಟೀಚರ ಕೆನೆಬಣ್ಣದ ನೂಲಿನ ಉಂಡೆಗಳನ್ನು ನಬೀಸಾ ಮಾಮಿಯ ಚೀಲಕ್ಕೆ ತುರುಕಿದ್ದಳು. ಬಣ್ಣ ಬೇರೆ ಎಂದು ಅತ್ತೆಯ ಹಳೆಯ ಕಣ್ಣಿಗೆ ಗೊತ್ತಾಗುವಷ್ಟರಲ್ಲಿ ಬಿಳಿ ಹೊದಿಕೆಯಲ್ಲಿ ನಾಲ್ಕು ಬೆರಳಗಲದ ಕೆನೆಪಟ್ಟಿ ಎದ್ದಿತ್ತು.

"ಬಿಚ್ಚುವ ಉಮ್ಮ," ಎಂದಿದ್ದಳು ಸಬೀಹಾ. "ಬೇರೆಯವರ ನೂಲು. ಹರಾಮ್ ಆಗ್ತದೆ."

"ಬಿಚ್ಚಿದರೆ ಎರಡು ತಿಂಗಳ ಕೆಲಸ ಹೋಯಿತು. ಇರಲಿ, ಮುಗಿಸುವಾಗ ನೋಡುವ."

ಅತ್ತೆ ಅದರ ಮೇಲೆ ಇನ್ನೂ ಹತ್ತು ಸಾಲು ಬಿಳಿ ಹಾಕಿದ್ದರು. ಮುಗಿಸುವಾಗ ಎಂಬ ದಿನ ಬರಲಿಲ್ಲ.

*

"ಸಬೀಹಾ."

ಅಡುಗೆಮನೆಯ ಬಾಗಿಲಲ್ಲಿ ಮಾವ ನಿಂತಿದ್ದರು. ಬರಿತಲೆ.

"ನನ್ನ ಟೊಪ್ಪಿ ಎಷ್ಟಾಗಿದೆ ನೋಡಿದ್ದೀಯಾ? ಮಯ್ಯಿತ್ತಿನ ಒಟ್ಟಿಗೆ ಹೋಗಲಿಕ್ಕೆ..."

ನಾಲ್ಕನೆಯ ಚೀಲ ಅವರದ್ದು. ಕಡ್ಡಿಯ ಜೊತೆಯಲ್ಲೇ ಶುರುವಾದ ನಮಾಜಿನ ಟೊಪ್ಪಿ. ಯಾರೇ ಬಂದರೂ ಮೊದಲು ಬದಿಗೆ ಸರಿಯುತ್ತಿದ್ದುದು ಅದು. ನಿನ್ನೆ ಯಾರೂ ಬಂದಿರಲಿಲ್ಲ. ಹಾಗಾಗಿ ಕಡ್ಡಿ ಅದರಲ್ಲೇ ನಿಂತಿತ್ತು, ಕಿಟಕಿಯ ಬೆಂಚಿನ ಮೇಲೆ.

"ಒಂದೂವರೆ ಸಾಲು ಬಾಕಿ, ಬಾಪ."

"ಹದಿನಾರು ವರ್ಷದಿಂದ ಒಂದೂವರೆ ಸಾಲೇ," ಎಂದು ಹಸೈನಾರ್ ಹೆಗಲ ಬೈರಾಸನ್ನು ತಲೆಗೆ ಸುತ್ತಿಕೊಂಡು ಜಗಲಿಗೆ ಹೋದರು.

ಸಬೀಹಾ ಗಡಿಯಾರ ನೋಡಿದಳು. ಎರಡೂಮುಕ್ಕಾಲು. ಗಂಡನಿಗೆ ಹೇಳಿದರೆ ಅವನು ಮಸೀದಿಯಲ್ಲಿ ಊರಿಗೇ ಹೇಳುತ್ತಾನೆ. ಹೇಳದಿದ್ದರೆ ಅತ್ತೆ ಈ ಮೂರು ಚೀಲ ಹೊತ್ತುಕೊಂಡೇ ಮಣ್ಣಿಗಿಳಿಯುತ್ತಾರೆ. ಚೀಲಗಳನ್ನು ಮಾಲೀಕರ ಕೈಗೆ ಕೊಡೋಣವೆಂದರೆ, ಒಬ್ಬರದ್ದನ್ನು ಬಿಚ್ಚದೆ ಇನ್ನೊಬ್ಬರ ನೂಲು ಬಿಡಿಸಲಾಗದು.

ಅವಳು ಮೂರು ಚೀಲಗಳನ್ನೂ ಎತ್ತಿಕೊಂಡು ಒಳಕೋಣೆಗೆ ಹೋದಳು. ಬಾಗಿಲು ಸರಿಸಿ, ಮಂಚದ ಪಕ್ಕದಲ್ಲಿ ಮಂಡಿಯೂರಿ, ಮೂವರ ಮುಂದೆ ಒಂದೊಂದಾಗಿ ಇಟ್ಟಳು.

"ಇದು ನಿಮ್ಮ ಅಮಾನತ್ತು. ಯಾವುದೂ ಮುಗಿದಿಲ್ಲ. ನಿಮ್ಮದೊಂದೇ ಕೈಯಲ್ಲಿದೆ ಅಂತ ಉಮ್ಮ ಮೂವರಿಗೂ ಹೇಳಿದ್ದು ಸುಳ್ಳು. ನಾನೂ ಸುಳ್ಳು ಹೇಳಿದ್ದೇನೆ. ನೂಲು ಕೂಡ ಬೆರೆತು ಹೋಗಿದೆ, ಅದು ನನ್ನಿಂದ ಆದದ್ದು. ಅವರನ್ನು ಎತ್ತುವ ಮೊದಲು ಕ್ಷಮಿಸಿದೆ ಅಂತ ಒಂದು ಮಾತು ಹೇಳಿ. ನನಗೆ ಹೇಳದಿದ್ದರೂ ಅಡ್ಡಿಲ್ಲ, ಅವರಿಗೆ ಹೇಳಿ."

ನಬೀಸಾ ಚೀಲದಿಂದ ಹೊದಿಕೆಯನ್ನು ಎಳೆದು ಕೆನೆಪಟ್ಟಿಯನ್ನು ಹುಡುಕಿದಳು. ಅದನ್ನು ಪಕ್ಕದವರ ಮಡಿಲಿಗೆ ಹಾಕಿದಳು.

"ಇಗೊಳ್ಳಿ ಟೀಚರೇ, ನಿಮ್ಮ ನೂಲು."

"ನನಗಿದು ಹಿಂದೆಯೇ ತಿಳಿದಿದೆ ನಬೀಸಾ," ಎಂದರು ಪರಮೇಶ್ವರಿ ಟೀಚರ್. "ನೀವೇ ಒಮ್ಮೆ ಹೇಳಿದ್ದಿರಲ್ಲ."

ಸಬೀಹಾ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. "ನಿಮಗೆ... ಪರಿಚಯ ಉಂಟಾ?"

ಕಾಂತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಬಿ.ಸಿ.ರೋಡಿನಲ್ಲಿ ನೂಲು ಸಿಗುವುದು ಉಮ್ಮರನ ಅಂಗಡಿಯಲ್ಲಿ ಮಾತ್ರ ಅಲ್ವಾ? ಇಪ್ಪತ್ತನೇ ನಂಬ್ರದ ನೂಲು ಮೆಲ್ಕಾರಿನ ಫಾತಿಮಕ್ಕನಿಗೆ ಅಂತ ಮೂವರೂ ಒಂದೇ ದಿನ ಕೇಳಿದೆವು. ನಿನ್ನ ಮದುವೆಯಾದ ವರ್ಷವೇ."

"ಆ ವರ್ಷವೇ?"

"ಆಮೇಲೆ ಬಿ.ಸಿ.ರೋಡಿನಲ್ಲಿ ಸೇರಿ ಒಂದೇ ಬಸ್ಸಿನಲ್ಲಿ ಬರ್ತಿದ್ದೆವು ಮಗಾ," ಎಂದಳು ನಬೀಸಾ. "ಇಬ್ಬರು ಬಸ್ಸಿನ ಮರೆಯಲ್ಲೇ ಸರಿದು ಸೋಡಾ ಅಂಗಡಿಯ ಹಿಂದೆ ನಿಲ್ಲುವುದು, ಒಬ್ಬಳು ಬರುವುದು. ನಿನ್ನ ಕೆಮ್ಮು ಅಲ್ಲಿಗೆ ಕೇಳ್ತಿತ್ತು."

"ಹಾಗಾದರೆ ಆ ಗುರುವಾರ..."

"ಅದಕ್ಕೆ ಪೂರ್ವಸಿದ್ಧತೆ ಬೇಕಾಯಿತು," ಎಂದರು ಟೀಚರ್ ಗಂಭೀರವಾಗಿ. "ಮೊದಲು ನಾನು. ಹತ್ತು ನಿಮಿಷ ಬಿಟ್ಟು ಕಾಂತಿ. ಹಿಂಬಾಗಿಲು ನಬೀಸಾಗೆ. ನೀನು ನನಗೆ ಚಹಾಕ್ಕೆ ಸಕ್ಕರೆ ಮೂರು ಸಲ ಹಾಕಿದ್ದೆ."

"ನನ್ನದಕ್ಕೆ ಉಪ್ಪು," ಎಂದಳು ಕಾಂತಿ.

ಸಬೀಹಾ ಕೂತಲ್ಲೇ ಮುಂದೆ ಬಾಗಿದಳು. "ಉಮ್ಮನಿಗೆ... ಉಮ್ಮನಿಗೆ ಗೊತ್ತಿತ್ತಾ?"

ಮೂವರೂ ಮಂಚದ ಕಡೆ ನೋಡಿದರು. ನಬೀಸಾ ಗಲ್ಲದಿಂದ ಆ ಬಿಳಿ ಬಟ್ಟೆಯನ್ನು ತೋರಿಸಿದಳು.

"ಯೋಚನೆ ಯಾರದ್ದು ಅಂತ ತಿಳಿದುಕೊಂಡಿದ್ದೀ? 'ಸಬೀಹಾಳಿಗೆ ಹೇಳಬೇಡಿ, ಅವಳು ಓಡುವುದು ನೋಡಲಿಕ್ಕೆ ಚಂದ' ಅಂತ ನನ್ನ ಕೈಹಿಡಿದು ಹೇಳಿದ್ದು ಇವಳೇ. ಚೀಲ ಹಿಡಿದು ನೀನು ಓಡುವುದನ್ನು ಆಮೇಲೆ ನಮಗೆ ಮಾಡಿ ತೋರಿಸ್ತಿದ್ದಳು. ಆ ಮೇಜಿನ ಹೊದಿಕೆ ಯಾರಿಗೆ ಬೇಕಿತ್ತು ಮಗಾ? ನನ್ನ ಮಗಳ ಮನೆಯಲ್ಲಿ ಗಾಜಿನ ಮೇಜು."

ಕಾಂತಿ ಕುಲಾವಿಯನ್ನು ಮುಷ್ಟಿಗೆ ತೊಡಿಸಿ ನೋಡಿದಳು. ಅದು ಮುಷ್ಟಿಗೇ ಬಿಗಿಯಾಯಿತು. ಟೀಚರ ಭುಜ ಕುಣಿಯತೊಡಗಿತು. ನಬೀಸಾ ತಲೆವಸ್ತ್ರವನ್ನು ಮುಖಕ್ಕೆಳೆದುಕೊಂಡಳು.

ಬಾಗಿಲು ತೆರೆಯಿತು. ಮುಖ ಮುಚ್ಚಿಕೊಂಡು ನಡುಗುತ್ತಿರುವ ಮೂವರು ಹೆಂಗಸರನ್ನು ಕಂಡು ಅಶ್ರಫ್ ಹೊಸ್ತಿಲಲ್ಲೇ ನಿಂತು ಕಣ್ಣೊರೆಸಿಕೊಂಡ.

"ಹಾಗೆ ಅಳಬೇಡಿ ಮಾಮಿ," ಎಂದ. "ಜೋರಾಗಿ ಅಳಬಾರದು. ಅವರಿಗೆ ಕಷ್ಟ ಆಗ್ತದೆ."

"ಇಲ್ಲ ಮಗಾ, ಇಲ್ಲ," ಎಂದಳು ನಬೀಸಾ ಬಟ್ಟೆಯೊಳಗಿಂದ. "ನೀನು ಮಸೀದಿಗೆ ಹೋಗು. ಹೆಂಗಸರದ್ದು ಏನೂ ಬಾಕಿ ಇಲ್ಲ ಅಂತ ಹೇಳು. ಎಲ್ಲ ಮುಗಿದಿದೆ."

ಬಾಗಿಲು ಮುಚ್ಚಿತು. 'ಎಲ್ಲ ಮುಗಿದಿದೆ' ಎಂಬ ಮಾತು ಮುಗಿಯದ ಮೂರು ಚೀಲಗಳ ಮೇಲೆ ಬಿದ್ದ ಕೂಡಲೇ ಸಬೀಹಾಳಿಂದ ತಡೆಯಲಾಗಲಿಲ್ಲ. ಎಂಟು ವರ್ಷದ ಒಣಗಂಟಲಿನಿಂದ ನಗು ಎದ್ದು ಬಂತು, ಉಳಿದ ಮೂವರ ನಗುವನ್ನೂ ಮುಳುಗಿಸುವ ಹಾಗೆ. ತಲೆವಸ್ತ್ರ ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಅತ್ತೆಯ ಮಂಚದ ಕಾಲು ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಉಸಿರು ಸಿಕ್ಕಿ ಕೆಮ್ಮು ಬಂತು.

ಒಂದು. ಎರಡು. ಮೂರು.

ಜಗಲಿಯಿಂದ ಹಸೈನಾರರ ಸ್ವರ ಎಂದಿನಂತೆಯೇ ಬಂತು.

"ಫಾತಿಮಾ, ವಿಟ್ಲದ್ದು ಬಂತು ನೋಡು."

ನಾಲ್ವರ ಕಣ್ಣೂ ಒಟ್ಟಿಗೆ ಕಿಟಕಿಯ ಬೆಂಚಿನ ಕಡೆ ಹೊರಳಿತು. ಅಲ್ಲಿ, ಒಂದೂವರೆ ಸಾಲು ಬಾಕಿ ಇದ್ದ ಬಿಳಿ ಟೊಪ್ಪಿಯ ಕೊನೆಯ ಕುಣಿಕೆಯಲ್ಲಿ, ಕಡ್ಡಿ ಹಾಗೆಯೇ ನಿಂತಿತ್ತು.