ತಲೆಕೆಳಗಾಗಿ ನಿಂತ ಕಂಬ

"ಇನ್ನೂ ಒತ್ತಿ, ಮೇಸ್ತ್ರಿ. ಮರಕ್ಕೆ ಕಚಗುಳಿ ಇಡ್ತಿದ್ದೀರಾ ಹೇಗೆ?" ಎಂದಳು ವೀಬ್ಕೆ.

ಐಲರ್ಟ್ ಮೈಭಾರವನ್ನೆಲ್ಲ ಹಾಕಿ ಒತ್ತಿದ. ಗೋಡೆಗೆ ಕಟ್ಟಿದ ಸಾರುವೆಯ ಹಲಗೆ ಕಿರುಗುಟ್ಟಿತು. ದಬ್ಬಣ ಓಕ್ ಕಂಬದೊಳಗೆ ಉಗುರಿನಷ್ಟೂ ಇಳಿಯಲಿಲ್ಲ. ಒಂದು ಗೇಣು ಕೆಳಗೆ, ಮಳೆನೀರು ನಿಲ್ಲುವ ಸಂದಿಯಲ್ಲಿ ಮತ್ತೆ ಚುಚ್ಚಿದ. ಅಲ್ಲೂ ಅಷ್ಟೇ.

ಅವನಿಗೆ ಎಪ್ಪತ್ತಾರು. ಯುದ್ಧದಲ್ಲಿ ಸುಟ್ಟು ಬೂದಿಯಾಗಿದ್ದ ಹಿಲ್ಡೆಸ್‌ಹೈಮ್‌ನ ಪೇಟೆ ಚೌಕವನ್ನು ಊರಿನವರು ದಶಕಗಳ ನಂತರ ಹಟ ಹಿಡಿದು ಮೊದಲಿನಂತೆಯೇ ಕಟ್ಟಿಸಿದಾಗ, ಈ ಮೂಲೆಮನೆಯ ಮರದ ಚೌಕಟ್ಟನ್ನು ಎಬ್ಬಿಸಿದ್ದು ಬಡಗಿಯಾಗಿದ್ದ ಅವನದೇ ತಂಡ. ಕೊನೆಯ ತೊಲೆ ಕೂತ ದಿನ ಸೂರಿನ ಮೇಲೆ ಹಸಿರು ಸೊಪ್ಪಿನ ಹಾರ ಕಟ್ಟಿ, ಕುಡಿದ ಗ್ಲಾಸನ್ನು ಕೆಳಕ್ಕೆಸೆದು ಒಡೆಯುವುದು ವಾಡಿಕೆ. ಎಸೆಯಲೆಂದು ಬಗ್ಗಿದಾಗಲೇ ಅವನ ಕಣ್ಣಿಗೆ ಬಿದ್ದದ್ದು: ಮೂಲೆಗಂಬದಲ್ಲಿ ಕೊಂಬೆ ಕಡಿದ ಗಂಟುಗಳೆಲ್ಲ ಕೆಳಮುಖ. ಮರ ಬೆಳೆದ ಹಾಗೇ ಕಂಬ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ತಿರುಗಿಸಿ ನಿಲ್ಲಿಸಿದರೆ ನೀರು ಕುಡಿದು ಕೊಳೆಯುತ್ತದೆ. ಎಲ್ಲರಿಗೂ ಹೇಳಿಕೊಡುತ್ತಿದ್ದ ಪಾಠವನ್ನು, ಮರಗಳಿಗೆ ಗುರುತು ಹಾಕುವ ಅವಸರದಲ್ಲಿ, ತಾನೇ ಮರೆತಿದ್ದ. ಗ್ಲಾಸು ಒಡೆಯಿತು, ಜನ ಚಪ್ಪಾಳೆ ತಟ್ಟಿದರು. ಅವನು ತುಟಿ ಬಿಚ್ಚಲಿಲ್ಲ.

ಆಮೇಲೆ ಮೂವತ್ತಾರು ವರ್ಷ ಈ ಚೌಕಕ್ಕೆ ಕಾಲಿಟ್ಟಿರಲಿಲ್ಲ. ಸಂತೆಗೆ ಹೆಂಡತಿಯನ್ನೇ ಕಳಿಸುತ್ತಿದ್ದ. ಜೋರು ಮಳೆ ಹಿಡಿದರೆ ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದ. ನಿನ್ನೆ, ಅವನ ಕೈಯಲ್ಲೇ ಕೆಲಸ ಕಲಿತು ಈಗ ಈ ಮನೆಯ ದುರಸ್ತಿ ಹಿಡಿದಿರುವ ವೀಬ್ಕೆ ಫೋನ್ ಮಾಡಿ, "ಮೂಲೆಗಂಬ ನೋಡೋಕೆ ಬನ್ನಿ" ಎಂದಷ್ಟೇ ಹೇಳಿದ್ದಳು. ಆಗಿನಿಂದ ಅವನಿಗೆ ಅನ್ನನೀರು ಸೇರಿರಲಿಲ್ಲ.

ಐಲರ್ಟ್ ಕಂಬಕ್ಕೆ ಕಿವಿಯಿಟ್ಟು ಸುತ್ತಿಗೆಯಿಂದ ತಟ್ಟಿದ. ಒಳಗೆಲ್ಲ ಗಟ್ಟಿಯಿರುವ ಮರದಂತೆ ಠಣ್ಣೆಂದಿತು. ಅವನು ಹಲಗೆಯ ಮೇಲೆ ಕುಸಿದು ಕೂತು ನಗತೊಡಗಿದ. ಕೆಳಗಿನ ಗಾಡಿಯಿಂದ ಸಾಸೇಜು ಹುರಿಯುವ ವಾಸನೆ ಬಂತು. ಹೊಟ್ಟೆ ಗುರ್ರೆಂದಿತು.

"ಇದೇ ಬುಡ-ತುದಿ ವಿಷಯಕ್ಕೆ ನನ್ನ ಕಿವಿ ಎಷ್ಟು ಸಲ ಹಿಂಡಿದ್ರಿ, ನೆನಪಿದೆಯಾ?"

"ಎರಡು ಸಲ."

"ಹನ್ನೊಂದು! ಕಳ್ಳ ಮುದುಕ!"

"ಬೈಯಮ್ಮ, ಬೈ. ಇವತ್ತು ಏನು ಬೇಕಾದ್ರೂ ಬೈ."

ವೀಬ್ಕೆ ಅವನ ಪಕ್ಕ ಕೂತು ದನಿ ತಗ್ಗಿಸಿದಳು. "ಶುಕ್ರವಾರದ ತನಕ ಸಾರುವೆ ಇರುತ್ತೆ. ಅಂಗಳದಲ್ಲಿ ಒಳ್ಳೇ ಓಕ್ ಬಿದ್ದಿದೆ. ಬುಡ ಕೆಳಗೆ ಮಾಡಿ, ನಿಮ್ಮ ಕೈಯಾರೆ ಹೊಸ ಕಂಬ ನಿಲ್ಲಿಸಿ. ಯಾರಿಗೂ ಗೊತ್ತಾಗಲ್ಲ."

ಐಲರ್ಟ್ ದಬ್ಬಣವನ್ನು ಅವಳ ಜೇಬಿಗೆ ಸಿಕ್ಕಿಸಿ ಎದ್ದು ನಿಂತ.

"ಬೇಡ," ಎಂದ. "ಅದನ್ನ ಮುಟ್ಟಿದ್ರೆ ಕೈ ಮುರೀತೀನಿ."